ಸೆರಗಿನ ಮರೆಯ ಮೈಕು

ಕಾರ್ಖಾನೆಯ ಕರಿಧೂಳು ಕೂತಿದ್ದ ಕಟ್ಟೆಯನ್ನು ಶರಣಬಸಮ್ಮ ಒರೆಸುತ್ತಿದ್ದರೆ, ಮಗಳು ಹುಲಗಮ್ಮ ಕಿಟಕಿಯ ಬೆಳಕಿನಲ್ಲಿ ಬೆಸುಗೆ ಹಾಕುತ್ತಿದ್ದಳು. ಭಾನುವಾರ ಗಿಣಿಗೇರಾದ ಆ ಮನೆಗೆ ಗಂಡಿನವರು ಬರುವವರಿದ್ದರು.

ಸಣ್ಣಂದಿನ ಜ್ವರದಲ್ಲಿ ಹುಲಗಮ್ಮನ ಕಿವಿ ಮಂದವಾಗಿತ್ತು. ಕೊಪ್ಪಳದ ಮೊಬೈಲ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ ಅವಳು ತನಗಾಗಿ ಒಂದು ಉಪಕರಣ ಮಾಡಿಕೊಂಡಿದ್ದಳು: ಒಂದು ಮೈಕು, ಸದ್ದು ಹೆಚ್ಚಿಸುವ ಬೋರ್ಡು, ಇಯರ್‌ಫೋನು. ಯುಎಸ್‌ಬಿ ವೈರಿನಿಂದ ಪವರ್ ಬ್ಯಾಂಕಿಗೆ ಜೋಡಿಸಿದರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಆದರೆ ಬೋರ್ಡು ಎಲೆ-ಅಡಿಕೆ ಡಬ್ಬಿಯಷ್ಟಿತ್ತು.

"ಸೆರಗಿನಾಗ ಅಡಗೂವಂಗ ಸಣ್ಣದು ಮಾಡು," ಎಂದಳು ತಾಯಿ. "ಹಿಂದಿನ ಗಂಡಿನವರು ಇದನ್ನ ನೋಡಿ ಚಾ ಸೈತ ಕುಡೀದ ಎದ್ದು ಹೋದ್ರು. ನಾ ಏನ್ ನಿನ್ನ ವೈರಿ ಅಲ್ಲ."

"ಸಣ್ಣದು ಮಾಡ್ತೀನಿ ಯವ್ವಾ. ಕೆಲಸದಾಗ ಅಡ್ಡ ಬರ್ತೈತಿ ಅಂತ. ಅಡಗಸಾಕಲ್ಲ."

ಹುಲಗಮ್ಮ ಹಟ ಹಿಡಿದರೆ ಬಿಡುವವಳಲ್ಲ. ದಪ್ಪ ಯುಎಸ್‌ಬಿ ಕಿಂಡಿ ತೆಗೆದು ಚಪ್ಪಟೆಯದನ್ನು ಹಾಕಿದಳು. ಸಾಸಿವೆಯಂಥ ಬಿಡಿಭಾಗಗಳನ್ನು ತಂದು ಮೈಕಿನ ಸಮೇತ ಬೋರ್ಡಿನ ಎರಡೂ ಬದಿಗೆ ಕೂರಿಸಿದಳು. ಒಂದು ಬೋರ್ಡು ಸುಟ್ಟಿತು, ಇನ್ನೊಂದು ಕುಂಯ್‌ಗುಟ್ಟಿತು. ಕೊನೆಗೆ ಅರ್ಧ ಬೆಂಕಿಪೊಟ್ಟಣದಷ್ಟು ಪುಟ್ಟ ಬೋರ್ಡು ತಾಯಿಯ ಗೊಣಗಾಟವನ್ನೂ ಬಿಡದೆ ಕೇಳಿಸಿತು. ಹುಲಗಮ್ಮನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಭಾನುವಾರ ಶರಣಬಸಮ್ಮ ಅದನ್ನು ಮಗಳ ಹೊಸ ಇಳಕಲ್ ಸೀರೆಯ ಸೆರಗಿನ ಮಡಿಕೆಯೊಳಗೆ ತಾನೇ ಸೇರಿಸಿದಳು. "ಕೇಳಸದಿದ್ರ ನನ್ನ ಮಾರಿ ನೋಡು. ನಾ ಗೋಣು ಹಾಕಿದ್ರ ನೀನೂ ಹಾಕು," ಎಂದಳು. ತಾಯಿಯ ಕಣ್ಣಲ್ಲಿ ನೀರಿತ್ತು. ಹುಲಗಮ್ಮ ಪವರ್ ಬ್ಯಾಂಕನ್ನು ಸೊಂಟಕ್ಕೆ ಸಿಕ್ಕಿಸಿ, ಇಯರ್‌ಫೋನಿನ ಮೇಲೆ ಕೂದಲು ಎಳೆದುಕೊಂಡಳು.

ಗಂಡು ದುರಗೇಶ ಚುರುಮುರಿ ತಟ್ಟೆ ಹಿಡಿದು ತಲೆ ತಗ್ಗಿಸಿ ಕುಳಿತಿದ್ದ. ಅವನ ತಾಯಿ ಮಾರೆಮ್ಮ ಏನೋ ಕೇಳಿದಳು. ಹುಲಗಮ್ಮನ ಕಿವಿಗೆ ಬಿದ್ದದ್ದು ರೇಷ್ಮೆಯ ಸರಸರ ಮಾತ್ರ. ಮೈಕಿಗೆ ಸೆರಗು ಉಜ್ಜುತ್ತದೆಂಬುದು ತಾಯಿ ಮಗಳಿಬ್ಬರಿಗೂ ಹೊಳೆದಿರಲಿಲ್ಲ. ಮಾರೆಮ್ಮನ ಬೆನ್ನ ಹಿಂದೆ ನಿಂತಿದ್ದ ಶರಣಬಸಮ್ಮ ಗೋಣು ಹಾಕಿದಳು.

ಹುಲಗಮ್ಮನ ಕತ್ತು ಅರ್ಧ ಬಾಗಿ ನಿಂತಿತು. ತಿಳಿಯದೆ ಇಂದು ಗೋಣು ಹಾಕಿದರೆ ಆ ಮನೆಯಲ್ಲಿ ಬಾಳೆಲ್ಲ ಹಾಕುತ್ತಲೇ ಇರಬೇಕು. ಅವಳು ಬೋರ್ಡನ್ನು ಹೊರಗೆಳೆದಳು.

"ನಂಗ ಕಿವಿ ಮಂದ ಐತ್ರಿ. ಇದು ಹೊರಗಿದ್ರ ಕೇಳಸ್ತೈತಿ. ಇನ್ನೊಮ್ಮಿ ಹೇಳ್ರಿ."

ಮಾರೆಮ್ಮ ಬೆರಗಾಗಿ ನೋಡಿದಳು. "ಲಗ್ನ ಆದಮ್ಯಾಲ ಅಂಗಡಿ ಕೆಲಸ ಬಿಡ್ತೀ ಅಲ್ಲೇನವಾ, ಅಂತ ಕೇಳಿದ್ನಿ."

ಹುಲಗಮ್ಮ ತಾಯಿಯತ್ತ ನೋಡಿದಳು. ಶರಣಬಸಮ್ಮನ ಮುಖ ಸಣ್ಣದಾಯಿತು.

"ಬಿಡೂದಿಲ್ರಿ," ಎಂದಳು ಹುಲಗಮ್ಮ. "ಅಲ್ಲೇ ಕಲ್ತು ಇದನ್ನ ಮಾಡೇನ್ರಿ."

ಮಾರೆಮ್ಮ ಹಿಂದಿದ್ದ ಶರಣಬಸಮ್ಮನತ್ತ ತಿರುಗಿದಳು. "ಕಿವಿ ವಿಷಯ ಮೊದಲ ಹೇಳಬೇಕಿತ್ತವಾ ನೀವು."

"ಖರೇ ಐತ್ರಿ. ತಪ್ಪು ನಂದು."

ವೈರಿಗೆ ಜೋತುಬಿದ್ದ ಬೋರ್ಡು ತೂಗಾಡುತ್ತಿತ್ತು. ಶರಣಬಸಮ್ಮ ಮುಂದೆ ಬಂದು, ತನ್ನ ತಾಳಿಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಬೋರ್ಡನ್ನು ಮಗಳ ಸೆರಗಿನ ಮೇಲೆ ಎಲ್ಲರಿಗೂ ಕಾಣುವಂತೆ ಚುಚ್ಚಿದಳು. ಆಮೇಲೆ ಅವಳ ಪಕ್ಕದಲ್ಲೇ ಕುಳಿತಳು.

"ಈಗ ಏನ್ ಕೇಳ್ತೀರಿ ಕೇಳ್ರಿ. ಅಕೀನ ಹೇಳ್ತಾಳ."