ಸಾಸಿವೆಯ ಸಾಲುಗಳು

ಸಲೂನಿನಲ್ಲಿ ತಲೆ ತೊಳೆಯುವ ಕೆಲಸ ಅವಳದು. ಗಿರಾಕಿಗಳು ಕುರ್ಚಿಗೆ ಒರಗಿ, ಕತ್ತನ್ನು ಬೇಸಿನ್ನಿನ ಅಂಚಿಗಿಟ್ಟು ಕಣ್ಣು ಮುಚ್ಚಿದರೆ, ಅವಳು ನೊರೆ ಎಬ್ಬಿಸುತ್ತಾ ಬಾಯೊಳಗೇ ಸಾಲು ಕಟ್ಟುತ್ತಿದ್ದಳು. ಬೆರಳು ತಾಳ ಹಿಡಿಯುತ್ತಿತ್ತು, ತುಟಿ ಪ್ರಾಸ ಹುಡುಕುತ್ತಿತ್ತು.

"ನೀನು ಹೀಗೆ ಗೊಣಗ್ತಾ ಇದ್ರೆ, ಇವಳೇನೋ ಮಾಟ ಮಾಡ್ತಿದ್ದಾಳೆ ಅಂತ ಗಿರಾಕಿಗಳು ಒದ್ದೆ ಕೂದಲಲ್ಲೇ ಓಡಿಹೋಗ್ತಾರೆ ನೋಡು" ಎಂದು ಸಲೂನಿನ ಯಜಮಾನಿ ನಗುತ್ತಿದ್ದಳು.

ಎಲ್ಲರೂ ಅವಳನ್ನು ಸಾಸಿವೆ ಅಂತಲೇ ಕರೆಯುತ್ತಿದ್ದರು. ಒಂದು ಮಾತಿಗೆ ಹತ್ತು ಮಾತು ಸಿಡಿಸುತ್ತಾಳೆ ಎಂದು ಅಮ್ಮ ಇಟ್ಟ ಹೆಸರು. ಅಮ್ಮ ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ಉಳಿದವರು ಅಣ್ಣ, ತಂಗಿ ಇಬ್ಬರೇ. ರ‍್ಯಾಪ್ ಹುಚ್ಚು ಹತ್ತಿದ್ದು ಇಬ್ಬರಿಗೂ ಒಟ್ಟಿಗೇ. ಅಡುಗೆಮನೆಯಲ್ಲಿ ಒಬ್ಬರು ಡಬ್ಬಿ ಬಡಿದರೆ ಇನ್ನೊಬ್ಬರು ಸಾಲು ಹೇಳಬೇಕು, ತಡವರಿಸಿದವರು ಪಾತ್ರೆ ತೊಳೆಯಬೇಕು. ಹೆಚ್ಚಾಗಿ ಅಣ್ಣನೇ ತೊಳೆಯುತ್ತಿದ್ದ.

ಆಮೇಲೆ ಅಣ್ಣ ಗೆಳೆಯರನ್ನು ಸೇರಿಸಿ ತಂಡ ಕಟ್ಟಿದ. ತಂಡದವರು ಅವನನ್ನು ದೊರೆ ಅನ್ನುತ್ತಿದ್ದರು. ತಂಡದಲ್ಲಿದ್ದ ಹೆಣ್ಣು ಸಾಸಿವೆ ಒಬ್ಬಳೇ. ವೇದಿಕೆಗೆ ಅಣ್ಣನ ದೊಗಳೆ ಅಂಗಿ ಹಾಕಿಕೊಂಡು ಹೋದರೆ ಜನ ಗಂಡುಬೀರಿ ಅಂದರು. ತನ್ನದೇ ಬಟ್ಟೆ ಹಾಕಿಕೊಂಡು ಹೋದರೆ ಶಿಳ್ಳೆ ಹೊಡೆದರು. ಎರಡು ಸಲವೂ ಅವಳು ಏನು ಹೇಳಿದಳು ಅನ್ನುವುದು ಯಾರ ಕಿವಿಗೂ ಬಿದ್ದಿರಲಿಲ್ಲ. ಆ ಉರಿಯಲ್ಲೇ ಒಂದು ದಿನ, ಯಾರದೋ ತಲೆ ತೊಳೆಯುತ್ತಿದ್ದಾಗ, ಆ ಸಾಲುಗಳು ಹುಟ್ಟಿದವು.

*ನನ್ನ ಸೊಂಟ ಮೂಕಿ, ನನ್ನ ನಾಲಿಗೆ ಚೂರಿ,*
*ಕಣ್ಣು ಮುಚ್ಚಿ ನಿಲ್ಲು, ಕಿವಿಯಲ್ಲುಂಟು ದಾರಿ,*
*ನೋಡಬೇಡ, ಕೇಳು.*

ಅಣ್ಣನಿಗೆ ಹೇಳಿ ತೋರಿಸಿದಾಗ ಅವನು ತಿನ್ನುತ್ತಿದ್ದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು, "ಇನ್ನೊಂದ್ಸಲ ಹೇಳು" ಅಂದ. ಅದಕ್ಕಿಂತ ದೊಡ್ಡ ಬಹುಮಾನ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಸಂಗೀತ ಕಂಪನಿ ತಂಡವನ್ನು ಕರೆಸಿಕೊಂಡಿತು. ಅಣ್ಣ ಒಬ್ಬನೇ ಹೋಗಿ ಬಂದ. ಬಂದವನು ಶೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲೇ ನಿಂತ.

"ನಿನ್ನ ಸಾಲು ಅವರಿಗೆ ತುಂಬಾ ಹಿಡಿಸ್ತು" ಅಂದ.

"ಮತ್ತೆ ಮುಖ ಯಾಕೆ ಹಾಗಿದೆ?"

"ಗಂಡಸಿನ ಧ್ವನೀಲಿ ಬೇಕಂತೆ. ಹುಡುಗಿ ಕೂಗಾಡಿದ್ರೆ ಜನ ಚಾನೆಲ್ ಬದಲಾಯಿಸ್ತಾರಂತೆ. ಇದೊಂದು ಹಾಡು ನಾನು ಹಾಡ್ತೀನಿ ಕಣೇ. ಕಾಲೂರೋಕೆ ಒಂದು ಜಾಗ ಸಿಗ್ಲಿ, ಮುಂದಿನದು ನಿಂದೇ."

ಸಾಸಿವೆ ಒಲೆ ಆರಿಸಿದಳು. "ಆಯ್ತು, ಹಾಡು. ಆದ್ರೆ ಒಂದು ಅಕ್ಷರಾನೂ ಬದಲಾಗಬಾರದು."

"ನನ್ನಾಣೆ" ಅಂದ ಅಣ್ಣ.

ವಿಡಿಯೋ ಚಿತ್ರೀಕರಣಕ್ಕೆ ಊರಾಚೆಯ ಒಂದು ಖಾಲಿ ಗೋದಾಮು ಗೊತ್ತಾಯಿತು. ಕೂದಲು ಸಿಂಗರಿಸುವವರು ಕೈಕೊಟ್ಟಿದ್ದರಿಂದ ಅಣ್ಣ ತಂಗಿಯನ್ನೇ ಬರಹೇಳಿದ. ರಜೆ ಹಾಕಿ, ಬಾಚಣಿಗೆ, ಪಿನ್ನು, ಡ್ರೈಯರ್ ಎಲ್ಲ ಚೀಲಕ್ಕೆ ತುಂಬಿಕೊಂಡು ಹೋದಳು. ಗೋದಾಮಿನ ಮೂಲೆಯಲ್ಲಿ ಪರದೆ ಕಟ್ಟಿದ ಜಾಗದಲ್ಲಿ ನೃತ್ಯದವಳೊಬ್ಬಳು ಬೆಳ್ಳಿ ಬಣ್ಣದ ತುಂಡು ಬಟ್ಟೆಯಲ್ಲಿ, ಮೊಣಕಾಲಿಗೆ ಟವೆಲ್ ಸುತ್ತಿಕೊಂಡು ನಡುಗುತ್ತಾ ಕೂತಿದ್ದಳು. ಸಾಸಿವೆ ಅವಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದಾಗ ಹೊರಗೆ ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಅಣ್ಣನ ಧ್ವನಿ.

*ಇವಳ ನಾಲಿಗೆ ಮೂಕಿ, ಇವಳ ಸೊಂಟ ಚೂರಿ,*
*ಕಿವಿ ಮುಚ್ಚಿ ನಿಲ್ಲು, ಕಣ್ಣಲ್ಲುಂಟು ದಾರಿ,*
*ಕೇಳಬೇಡ, ನೋಡು.*

ಬಾಚಣಿಗೆ ಹಿಡಿದ ಕೈ ಕೂದಲಲ್ಲೇ ನಿಂತುಬಿಟ್ಟಿತು.

"ಏನಾಯ್ತು?" ಎಂದು ನೃತ್ಯದವಳು ಕನ್ನಡಿಯಲ್ಲೇ ಅವಳನ್ನು ನೋಡುತ್ತಾ ಕೇಳಿದಳು.

"ಈ ಸಾಲು ಬರೆದಿದ್ದು ನಾನು."

ನೃತ್ಯದವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹೆಂಗಸಾಗಿ ಇಂಥದ್ದು ಬರೀತೀಯಾ?"

ಮುಖಕ್ಕೆ ಹೊಡೆದ ಹಾಗಾಯಿತು. ಸಾಸಿವೆ ಬಗ್ಗಿ, ಅವಳ ಕಿವಿಯ ಹತ್ತಿರ, ತಾನು ಕಟ್ಟಿದ ಹಾಗೇ ಆ ಸಾಲುಗಳನ್ನು ಹೇಳಿದಳು. ನೃತ್ಯದವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಟವೆಲನ್ನು ಬಿಗಿಯಾಗಿ ಸುತ್ತಿಕೊಂಡು ಹೇಳಿದಳು: "ಇದೇ ಚೆನ್ನಾಗಿದೆ. ಆದ್ರೆ ಹಾಗೇ ಇದ್ದಿದ್ರೆ ಇವತ್ತು ನನಗೆ ಕೆಲಸ ಇರ್ತಿರ್ಲಿಲ್ಲ." ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಹೊರಗಿನಿಂದ ಕರೆದರು, ಎದ್ದು ಹೋದಳು. ಅವಳ ಬೆನ್ನಿಗೆ ಕ್ಯಾಮೆರಾ ತಿರುಗಿತು.

ಮನೆಗೆ ಬಂದ ಮೇಲೆ ಸಾಸಿವೆ ಕೇಳಿದಳು. ಅಣ್ಣ ಕತ್ತೆತ್ತಲಿಲ್ಲ. "ನಾಲ್ಕು ಪದ ಆಚೆ ಈಚೆ ಆಗಿದೆ, ಅಷ್ಟೇ. ಅವರು ಹೇಳಿದ್ರು, ನಾನು ಬೇಡ ಅಂದೆ, ಆಮೇಲೆ... ಅಷ್ಟು ಜನರ ಮುಂದೆ ಏನು ಮಾಡ್ಲಿ ಹೇಳು? ಬರೀ ಹಾಡು ಕಣೇ ಅದು."

"ಅಣ್ಣ, ಹಾಡಲ್ಲಿ 'ಇವಳು' ಅಂದಿರೋದು ನನ್ನನ್ನೇ" ಅಂದಳು. ಅವನು ಟಿವಿಯ ಸದ್ದು ಸ್ವಲ್ಪ ಏರಿಸಿದ.

ಹಾಡು ಗೆದ್ದಿತು. ಕಾರುಗಳಲ್ಲಿ, ಮೊಬೈಲ್ ಅಂಗಡಿಯ ಮುಂದೆ, ಶಾಲೆಯ ವ್ಯಾನಿನಲ್ಲಿ, ಎಲ್ಲಿ ನೋಡಿದರೂ ಅದೇ. ಸಲೂನಿಗೆ ಬಂದ ಹೆಂಗಸರೂ ಬೇಸಿನ್ನಿಗೆ ತಲೆ ಕೊಟ್ಟು ಅದನ್ನೇ ಗುನುಗುತ್ತಿದ್ದರು. ಸಾಸಿವೆ ನೀರಿನ ಸದ್ದು ಜೋರು ಮಾಡುತ್ತಿದ್ದಳು. ಮನೆಯಲ್ಲಿ ಅಣ್ಣ ಮಾತಾಡಿಸಿದರೆ ಹೂಂ, ಉಹೂಂ ಅಷ್ಟೇ. ಡಬ್ಬಿಗಳು ಕಪಾಟಿನಲ್ಲಿ ಸುಮ್ಮನೆ ಕೂತಿದ್ದವು. ಸಲೂನಿನ ಮೇಲೆ ಟವೆಲ್ ಒಣಗಿಸುವ ಒಂದು ಕೋಣೆ ಇತ್ತು. ಯಜಮಾನಿಯನ್ನು ಕೇಳಿ ಅಲ್ಲಿಗೆ ಹೋಗಿಬಿಟ್ಟಳು. ಹೊರಡುವಾಗ ಅಣ್ಣ ಚೀಲ ಕೆಳಗಿಳಿಸಿಕೊಟ್ಟ.

ಆ ಕೋಣೆಯಲ್ಲಿ ಸದಾ ಸೋಪಿನ ವಾಸನೆ. ಭಾನುವಾರ ಸಲೂನು ಮುಚ್ಚಿರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ತಾನು ಒಂದು ಮಾತೂ ಆಡಿಲ್ಲ ಎಂದು ಅವಳಿಗೆ ಅನೇಕ ಸಲ ಥಟ್ಟನೆ ಹೊಳೆಯುತ್ತಿತ್ತು. ಆಗ ಸುಮ್ಮನೆ ಕೆಮ್ಮಿ, ಧ್ವನಿ ಇದೆಯಾ ಎಂದು ನೋಡಿಕೊಳ್ಳುತ್ತಿದ್ದಳು.

ಒಂದು ಭಾನುವಾರ, ಸೈಕಲ್ ಅಂಗಡಿಯ ನೆಲಮಾಳಿಗೆಯಲ್ಲಿ ಯಾರು ಬೇಕಾದರೂ ಮೈಕ್ ಹಿಡಿಯಬಹುದು ಎಂದು ಕೇಳಿ ಅಲ್ಲಿಗೆ ಹೋದಳು. ಸರದಿ ಬಂದಾಗ ತನ್ನ ಸಾಲುಗಳನ್ನು ಮೊದಲು ಹುಟ್ಟಿದ ಹಾಗೆಯೇ ಹೇಳಿದಳು. ಮುಗಿಯುವ ಮೊದಲೇ ಹಿಂದಿನಿಂದ ಒಬ್ಬ, "ಅಕ್ಕಾ, ಇದು ದೊರೆ ಹಾಡಿದ್ದಲ್ವಾ? ಉಲ್ಟಾ ಮಾಡಿ ಕಾಪಿ ಹೊಡೆದಿದ್ದೀರಿ" ಅಂದ. ಸುತ್ತ ನಗು ಎದ್ದಿತು. ಇದು ನನ್ನದು ಎನ್ನಲು ಬಾಯಿ ತೆರೆದಳು. ಯಾರು ನಂಬುತ್ತಾರೆ? ನಂಬಿದರೂ ಅಣ್ಣನನ್ನು ಕಳ್ಳ ಅಂದ ಹಾಗಾಗುತ್ತದೆ. ಮೈಕ್ ಇಟ್ಟು ಮೆಟ್ಟಿಲು ಹತ್ತಿ ಬಂದಳು.

ಮರುದಿನ ಆ ಸಾಲುಗಳನ್ನು ಬಿಟ್ಟುಬಿಟ್ಟಳು. ಬಿಡುವುದು ಸುಲಭವಾಗಿರಲಿಲ್ಲ, ಸುಮಾರು ದಿನ ನಾಲಿಗೆ ತಾನಾಗಿ ಅತ್ತ ಹೊರಳುತ್ತಿತ್ತು. ನಿಧಾನಕ್ಕೆ ಹೊಸವು ಬಂದವು. ಬೆಳ್ಳಿ ಬಟ್ಟೆಯಲ್ಲಿ ನಡುಗಿದವಳ ಬಗ್ಗೆ, ಒದ್ದೆ ಟವೆಲುಗಳ ಬಗ್ಗೆ, ಅಮ್ಮ ಇಲ್ಲದ ಮನೆಯಲ್ಲಿ ಬೆಳೆದ ಇಬ್ಬರ ಬಗ್ಗೆ. ಮತ್ತೆ ನೆಲಮಾಳಿಗೆಗೆ ಹೋದಳು. ಮೊದಮೊದಲು ಕೇಳುವವರು ಮೊಬೈಲ್ ನೋಡುತ್ತಾ ನಿಂತಿರುತ್ತಿದ್ದರು. ಬರಬರುತ್ತಾ ಕೆಲವರು ಮೊಬೈಲನ್ನು ಜೇಬಿಗಿಟ್ಟರು.

ಅಷ್ಟರಲ್ಲಿ ಅಣ್ಣನ ಫೋನು ಬಂತು. ಅವನ ಎರಡನೇ ಹಾಡು ಓಡಿರಲಿಲ್ಲ. "ಏನಾದ್ರೂ ಬರ್ದಿದ್ದೀಯಾ?" ಎಂದು ಕೇಳಿದ.

"ಬರ್ದಿದ್ದೀನಿ. ಕೊಡಲ್ಲ. ಭಾನುವಾರ ಹೇಳ್ತೀನಿ, ಬೇಕಿದ್ರೆ ಬಂದು ಕೇಳು."

ಬರುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ಆದರೆ ಅವಳು ಶುರು ಮಾಡಿದಾಗ ಮೆಟ್ಟಿಲ ಕೆಳಗೆ ಟೋಪಿ ಹಣೆಗೆ ಎಳೆದುಕೊಂಡು ನಿಂತಿದ್ದ. ಅವಳು ತಡವರಿಸಲಿಲ್ಲ. ಇಬ್ಬರ ಬಗ್ಗೆ ಕಟ್ಟಿದ್ದನ್ನು ಅವನತ್ತ ನೋಡದೆ ಕೊನೆಯವರೆಗೆ ಹೇಳಿದಳು. ಚಪ್ಪಾಳೆ ನಿಂತ ಮೇಲೆ ನೋಡಿದರೆ ಮೆಟ್ಟಿಲ ಹತ್ತಿರ ಯಾರೂ ಇರಲಿಲ್ಲ.

"ಅಲ್ಲಿದ್ದದ್ದು ದೊರೆ ಅಲ್ವಾ?" ಎಂದು ಮೈಕ್ ನೋಡಿಕೊಳ್ಳುವ ಹುಡುಗ ಕೇಳಿದ. "ನಿಮಗೆ ಗೊತ್ತಾ?"

"ನಮ್ಮಣ್ಣ."

"ಓ, ಹಾಗಾದ್ರೆ ಇದನ್ನೆಲ್ಲ ಅವರೇ ಕಲಿಸಿದ್ದಾ?"

ಅವಳು ಚೀಲ ಹೆಗಲಿಗೇರಿಸಿಕೊಂಡಳು. "ಇಲ್ಲ. ಇಬ್ಬರೂ ಒಟ್ಟಿಗೇ ಕಲಿತಿದ್ದು" ಅಂದಳು.

ಹೊರಗೆ ಇನ್ನೂ ಬಿಸಿಲಿತ್ತು. ರಸ್ತೆಯ ಎರಡೂ ಕಡೆ ಕಣ್ಣು ಹಾಯಿಸಿದಳು. ಅಣ್ಣ ಕಾಣಲಿಲ್ಲ. ಬಸ್ ನಿಲ್ದಾಣದ ಬೆಂಚಿನಲ್ಲಿ ಒಬ್ಬಳೇ ಕೂತು, ಬಂದ ಮೊದಲ ಬಸ್ಸನ್ನು ಹೋಗಲು ಬಿಟ್ಟಳು. ಎರಡನೆಯದಕ್ಕೆ ಹತ್ತಿದಳು.