ಏಳ್ರಿ ಸಾಹೇಬ್ರ

“ನೀ ಬ್ಯಾಡ ಕಾಕಾ. ಸೊಂಟ ಹಿಡಕೊಂತಂದ್ರ ನಿನ್ನೂ ಹೊತ್ಗೊಂಡು ಹೋಗೂದಾಕ್ಕೈತಿ,” ಅಂದ ಜಾಕೀರ್.

ಗುಡದಪ್ಪ ಶವ ಹೊರುವ ಜನಾಜಾದ ಮುಂದಿನ ಹಿಡಿಕೆಗೆ ಆಗಲೇ ಕೈ ಹಚ್ಚಿಯಾಗಿತ್ತು. ಬಿಡಲಿಲ್ಲ. ಅಂಗಿಯ ಮೇಲೆ ಬಿಗಿದ ಸೊಂಟದ ಬೆಲ್ಟು ಎಲ್ಲರಿಗೂ ಕಾಣುತ್ತಿತ್ತು. ಇನ್ನೊಮ್ಮೆ ಭಾರ ಎತ್ತಿದರೆ ಕಾಲೇ ಹೋಗುತ್ತವೆ ಎಂದು ರಾಣೆಬೆನ್ನೂರಿನ ಡಾಕ್ಟರು ಹೆದರಿಸಿದ್ದು ಮೇಡ್ಲೇರಿಯ ಆ ಓಣಿಗೆಲ್ಲ ಗೊತ್ತು. ಆದರೆ ಮಲಗಿದ್ದವನು ಜಾಕೀರನ ಅಬ್ಬಾ, ಮಹಮ್ಮದಗೌಸ. ಸಿಮೆಂಟ್ ಕಂಬದ ಫ್ಯಾಕ್ಟರಿಯಲ್ಲಿ ಅರ್ಧ ಆಯುಷ್ಯ ಕಂಬದ ಇನ್ನೊಂದು ತುದಿ ಹಿಡಿದವನು. ಅವನನ್ನು ಎತ್ತುವಾಗ ಕೈ ಕಟ್ಟಿ ನಿಲ್ಲುವುದು ಗುಡದಪ್ಪನಿಗೆ ಆಗದ ಮಾತು.

*

ಕಂಬ ಎತ್ತುವುದಕ್ಕೆ ಅಲ್ಲಿ ಒಂದು ಮಾತಿತ್ತು. ಎಲ್ಲರೂ ಬಗ್ಗಿ ಕೈ ಹಚ್ಚಿದ ಮೇಲೆ ಗೌಸ ಕಂಬಕ್ಕೇ ಹೇಳುತ್ತಿದ್ದ: “ಏಳ್ರಿ ಸಾಹೇಬ್ರ.” ಎರಡೂ ತುದಿ ಒಮ್ಮೆಲೇ ಏಳುತ್ತಿದ್ದವು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮಾಲಕರು ತಮಗೇ ಅಂದನೆಂದು ಒಂದು ಸಲ ಧಡಕ್ಕನೆ ಎದ್ದು ನಿಂತಿದ್ದರು.

ಮಗಳು ಅಫ್ರೀನಳ ಮದುವೆಗೆಂದು ಗೌಸ ರಜೆ ಹಾಕಿದ ದಿನ, ಅವನ ಬದಲು ನಿಂತ ಹೊಸಬ ಹೇಳದೆ ಕೇಳದೆ ತನ್ನ ತುದಿ ಎತ್ತಿದ. ಭಾರವೆಲ್ಲ ಗುಡದಪ್ಪನ ಮೇಲೆ ಬಂತು. ಸೊಂಟದಲ್ಲಿ ಏನೋ ಚಟ್ಟೆಂದಿತು. ಅಲ್ಲಿಂದ ಅವನಿಗೆ ಕಂಬಗಳಿಗೆ ನೀರು ಹೊಡೆಯುವ ಕೆಲಸ. ಮುಂದೆ ಗೌಸನೂ ಅಂಥದೇ ಬೆಲ್ಟು ಕಟ್ಟಿದ. ಎತ್ತುವುದನ್ನು ಮಾತ್ರ ಬಿಡಲಿಲ್ಲ. ನಿನ್ನೆ ಉಂಡು ಮಲಗಿದವನು ಏಳಲಿಲ್ಲ.

*

ಬಾಗಿಲಲ್ಲಿ ನಿಂತಿದ್ದ ಬಿಸ್ಮಿಲ್ಲಾಬಿ ಮಗನನ್ನು ಕರೆದಳು.

“ಹಿಡೀಲಿ ಬಿಡಪಾ. ಆ ಅಣ್ಣಾರು ಕೈ ಹಚ್ಚಲಿಲ್ಲಂದ್ರ ನಿಮ್ಮಬ್ಬಾ ಏಳೂದಿಲ್ಲ.”

ಜಾಕೀರ್ ಪಕ್ಕದ ಹಿಡಿಕೆಗೆ ಹೋದ. ಹಿಂದಿನ ಎರಡಕ್ಕೆ ಫ್ಯಾಕ್ಟರಿಯ ಫಕ್ಕೀರೇಶ, ಚನ್ನೇಶ ಬಂದರು. ನಾಲ್ವರೂ ಬಗ್ಗಿದರು.

ಜನಾಜಾ ಏಳಲಿಲ್ಲ. ನಮಾಜಿಗೆ ಹೊತ್ತಾಯಿತು, ಎತ್ತಿರೆಂದು ಹಿರಿಯರೊಬ್ಬರು ಎರಡು ಸಲ ಅಂದರು. ಫ್ಯಾಕ್ಟರಿಯ ಮೂವರೂ ಬಗ್ಗಿದಲ್ಲೇ ಇದ್ದರು. ಇವರ್ಯಾಕೆ ಹೀಗೆ ಎಂದು ಜಾಕೀರ್ ನೋಡಿದ. ಚನ್ನೇಶ ತಲೆಯೆತ್ತಿ ಗುಡದಪ್ಪನ ಬೆನ್ನು ನೋಡಿದ. ಯಾರ ಮಾತಿಗೆ ಕಾಯುತ್ತಿದ್ದೇವೆಂದು ಗುಡದಪ್ಪನಿಗೆ ಆಗ ಹೊಳೆಯಿತು.

ಹಿಡಿಕೆ ಬಿಗಿಹಿಡಿದ.

“ಏಳ್ರಿ ಸಾಹೇಬ್ರ,” ಅಂದ ಮೆಲ್ಲಗೆ.

ಜನಾಜಾ ಒಂದಿಷ್ಟೂ ವಾಲದೆ ಎದ್ದು ಹೆಗಲಿಗೆ ಬಂತು. ಕಟ್ಟೆ ಇಳಿಯುವಾಗ ಗುಡದಪ್ಪನ ಬೆಲ್ಟು ಚರ್ರೆಂದು ಬಿಚ್ಚಿ ಬಿತ್ತು. ಅವನು ನಿಲ್ಲಲಿಲ್ಲ; ಹಿಂದಿನವರು ಅದನ್ನು ದಾಟಿಕೊಂಡು ಹೋದರು.

ಓಣಿ ಖಾಲಿಯಾದ ಮೇಲೆ ಬಿಸ್ಮಿಲ್ಲಾಬಿ ಅದನ್ನು ಎತ್ತಿ, ಮಣ್ಣು ಕೊಡವಿ, ಒಳಗೆ ಗೌಸನ ಬೆಲ್ಟು ತೂಗುತ್ತಿದ್ದ ಮೊಳೆಗೇ ಹಾಕಿದಳು.