ಒಲೆಯ ಮೇಲಿನ ಹಲಗೆ

ಗ್ಯಾಸು ಬಂದು ಎಷ್ಟೋ ವರ್ಷವಾದರೂ ಚಿಕ್ಕೇರೂರಿನ ಹಾಲವ್ವನಿಗೆ ರೊಟ್ಟಿ ಮಾತ್ರ ಕಟ್ಟಿಗೆ ಒಲೆಯದೇ ಆಗಬೇಕು. ಒಲೆಯ ಮೇಲೆ, ಎರಡು ಗೋಡೆಗಳ ನಡುವೆ, ಉಪ್ಪು-ಖಾರದ ಡಬ್ಬಿ ಇಡಲು ಸಾಗವಾನಿ ಹಲಗೆಯೊಂದನ್ನು ಕೂಡಿಸಿಕೊಡಿ ಎಂದು ಗಂಡ, ಊರಿನ ಸಾವುಕಾರ ಮಹಾಲಿಂಗಪ್ಪನ ಬೆನ್ನು ಹತ್ತಿದ್ದಳು. ಅವನು ಜಗದೀಶನಿಗೆ ಹೇಳಿ ಕಳಿಸಿದ. ಜಗದೀಶ ಊರಿನವನೇ, ರಟ್ಟೀಹಳ್ಳಿಯಲ್ಲಿ ಬಡಗಿ ಅಂಗಡಿ ಇಟ್ಟವನು, ಕೆಲಸ ಅಚ್ಚುಕಟ್ಟು. ಆದರೆ ದಲಿತರ ಓಣಿಯವನು.

ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಈಗಿನ ಕಾಲದಲ್ಲಿ ಹಾಗೆಲ್ಲ ಹೇಳುವುದಿಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುತ್ತಾರೆ.

"ಒಳಗ ಭಾಳ ಹೊಗಿ ಐತೋ ಜಗದೀಶ. ನೀ ಕಟ್ಟಿ ಮ್ಯಾಲ ಕುಂದರು, ಅಳತಿ ನಾನಾ ತರ್ತೇನಿ," ಎಂದು ಮಹಾಲಿಂಗಪ್ಪ ದಾರ ಹಿಡಿದು ಒಳಗೆ ಹೋಗಿ, ಗಂಟು ಹಾಕಿಕೊಂಡು ಬಂದ.

ಮೂವತ್ತೈದು ದಾಟಿದ ಜಗದೀಶನಿಗೆ ಇಂಥ ಹೊಗೆ ಹೊಸದಲ್ಲ. ನುಂಗಿಕೊಂಡ. ಗಂಟಿನ ಅಳತೆಗೆ ಸರಿಯಾಗಿ ಹಲಗೆ ಕೊಯ್ದು, ನಯಮಾಡಿ, ವಾರ ಬಿಟ್ಟು ತಂದ.

ಹಲಗೆಯನ್ನೂ ಮಹಾಲಿಂಗಪ್ಪನೇ ಹೊತ್ತು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಬೆವರೊರೆಸಿಕೊಳ್ಳುತ್ತ ಹೊತ್ತು ತಂದ. "ಒಂದ್ ಬೆರಳ ಉದ್ದ ಆಗೇತಿ."

"ಎಲ್ಲಿ ಹಿಡೀತೈತ್ರಿ? ಮುಂದೋ, ಹಿಂದೋ?"

ನೋಡಲು ಹಲಗೆ ಹೊತ್ತು ಮತ್ತೆ ಹೋಗಿಬಂದ. "ಹಿಂದ."

"ಎಡಕ್ಕೋ, ಬಲಕ್ಕೋ?"

ಮತ್ತೆ ಹೋದ. ಬಡಗಿ ಆರಾಮಾಗಿ ಕಟ್ಟೆಯ ಮೇಲೆ, ಸಾವುಕಾರ ಹಮಾಲಿಯಲ್ಲಿ. ಜಗದೀಶನಿಗೆ ನಗು ಬರಬೇಕಿತ್ತು, ಸಿಟ್ಟು ಬಂತು. ನಾಳೆ ಊರೆಲ್ಲ 'ಜಗದೀಶನ ಅಳತೆ ತಪ್ಪಿತು' ಅನ್ನುತ್ತದೆ. ನೋಡಲು ಬಿಡದ ಗೋಡೆಯ ತಪ್ಪನ್ನೂ ಅವನೇ ಹೊರಬೇಕು.

"ಒಂದ್ ಬೆರಳ ಕೊಯ್ದ್ ಬಿಡೋ ಮಾರಾಯಾ," ಎಂದ ಮಹಾಲಿಂಗಪ್ಪ.

"ಕೊಯ್ದ ಕಟ್ಟಿಗಿ ಮತ್ತ ಬೆಳೆಯಂಗಿಲ್ರಿ. ಗ್ವಾಡಿ ನೋಡದ ನಾ ಗರಗಸ ಹಚ್ಚಂಗಿಲ್ಲ. ಒಳಗ ಬರ್ತೇನಿ, ಇಲ್ಲಾಂದ್ರ ಹಲಗಿ ವಾಪಸ್ ಒಯ್ತೇನಿ."

ಮಹಾಲಿಂಗಪ್ಪ ಅವನನ್ನು ನೋಡಲಿಲ್ಲ, ಓಣಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದ.

"ಬಾರೋ ಯಪ್ಪಾ ಒಳಗ!" ಹಾಲವ್ವ ಅಡುಗೆಮನೆಯಿಂದಲೇ ಕೂಗಿದಳು. "ಇವರ ಓಡ್ಯಾಟ ನೋಡಿ ನನಗ ತಲಿ ತಿರಗಾಕತ್ತೇತಿ."

ಜಗದೀಶ ಚಪ್ಪಲಿ ಬಿಟ್ಟು ಒಳಗೆ ನಡೆದ. ಒಂದು ನೋಟ ಸಾಕಾಯಿತು. ಗೋಡೆಗಳು ಮುಂದೆ ಅಗಲ, ಹಿಂದೆ ಇಕ್ಕಟ್ಟು. ದಾರ ಹಿಡಿದಿದ್ದು ಮುಂದೆ ಮಾತ್ರ. ಪೆನ್ಸಿಲ್ಲಿನಿಂದ ಗುರುತು ಮಾಡಿ, ಎರಡೂ ತುದಿಯನ್ನು ಓರೆಯಾಗಿ ಕೊಯ್ದ. ಉರಿ ತಾಕದಷ್ಟು ಎತ್ತರಕ್ಕೆ, ಹಾಲವ್ವನ ಕೈಗೆ ಎಟುಕುವಂತೆ ಗೂಟ ಬಡಿದು ಹಲಗೆ ಕೂಡಿಸಿದ. ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ.

ಹಾಲವ್ವ ಡಬ್ಬಿಗಳನ್ನು ಜೋಡಿಸಿ ಹಿಗ್ಗಿದಳು. ತಟ್ಟೆಗೆ ರೊಟ್ಟಿ, ಪುಂಡಿಪಲ್ಯೆ ಹಾಕಿದಳು. ಅಷ್ಟರಲ್ಲಿ ಅವಳ ಕಣ್ಣು ತಾನಾಗಿಯೇ ಹೊರಬಾಗಿಲಿನ ಕಡೆ ಹೋಯಿತು.

"ಕಟ್ಟಿ ಮ್ಯಾಲ ಗಾಳಿ ಛಲೋ..." ಎಂದು ಮಹಾಲಿಂಗಪ್ಪ ಶುರುಮಾಡಿದ.

"ಬ್ಯಾಡ್ರಿ. ಇಲ್ಲೇ ಉಣ್ತೇನಿ," ಎಂದು ಜಗದೀಶ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

ಹಾಲವ್ವನ ಕೈ ಅರೆಗಳಿಗೆ ನಿಂತಿತು. ಆಮೇಲೆ ತಟ್ಟೆಯನ್ನು ಅವನ ಮುಂದಿಟ್ಟು, ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. "ತಡಿ, ಬಿಸೀದು ಹಾಕ್ತೇನಿ."

ಮಹಾಲಿಂಗಪ್ಪ ತನ್ನದೇ ಅಡುಗೆಮನೆಯ ಬಾಗಿಲಲ್ಲಿ ಒಳಗೆ ಬರಬೇಕೋ ಹೊರಗೆ ಹೋಗಬೇಕೋ ತಿಳಿಯದೆ ನಿಂತಿದ್ದ. ಹಾಗೆ ನಿಲ್ಲುವುದು ಎಂಥದ್ದೆಂದು ಜಗದೀಶನಿಗೆ ಚೆನ್ನಾಗಿ ಗೊತ್ತಿತ್ತು. ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟ.

"ಬರ್ರಿ ಸಾವಕಾರ್ರ, ಕುಂದರ್ರಿ."